ಬಾಣಂತಿಯ ವಿಶ್ರಾಂತಿಯೂ ವ್ಯಾಯಾಮವೂ

ಮನೆಯಲ್ಲಿ ಕೂಸು ಹುಟ್ಟಿದೊಡನೆ ಹಿರಿಯರು ಗಡಿಯಾರವನ್ನು ನೋಡುವರು. ತಿಥಿ, ವಾರ, ನಕ್ಷತ್ರ, ಘಳಿಗೆ, ವಿಘಳಿಗೆಗಳನ್ನು ಬರೆದಿಡುವರು. ಆ ಕೂಸನ್ನು ಹೆತ್ತ ತಾಯಿಯು ಪುನಃ ತನ್ನ ಕಾಲಮೇಲೆ ದೃಢವಾಗಿ ನಿಂತ ದಿವಸವನ್ನು ಬರೆದಿಟ್ಟ ಕುಟುಂಬವು ಅಪೂರ್ವ. ಹೆರಿಗೆಯು ಹೆಣ್ಣಿಗೆ ಮರುಹುಟ್ಟೆಂದು ನಮ್ಮ ಜನರು ಹೇಳುತ್ತ ಬಂದಿದ್ದಾರೆ. ಮರುಹುಟ್ಟು ಪಡೆದ ಆ ದೇಹವು ಎಷ್ಟು ದಿನ ಮಲಗಿರಬೇಕು, ಎಂದು ಎದ್ದು ನಡೆಯಬೇಕು, ಯಾವ ಅಂಗಕ್ಕೆ ಎಂತಹ ಶ್ರಮವನ್ನು ಕೊಡಬೇಕು ಎಂಬ ಪ್ರಶ್ನೆಗಳಿಗೂ ಒಂದು ದೀರ್ಘವಾದ ಇತಿಹಾಸವುಂಟು. ರಾಜರ ಯುದ್ಧಗಳಂತೆ ಅದು ಶಿಲಾಶಾಸನಗಳಲ್ಲಿ ಕೊರೆಯಲ್ಪಟ್ಟಿಲ್ಲ. ಸಂಹಿತೆಗಳಲ್ಲಿಯೂ ಆಸ್ಪತ್ರೆಗಳ ವೃತ್ತಾಂತಗಳಲ್ಲಿಯೂ ಕಾಯಿದೆಗಳಲ್ಲಿಯೂ ಚದುರಿಹೋಗಿರುವುದು. ಅದನ್ನು ಒಂದೆಡೆ ಕೂಡಿಸಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಇದನ್ನು ಬರೆಯುತ್ತಿರುವವನು ವೈದ್ಯನಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮಕ್ಕಳಿಗೆ ಪಾಠ ಹೇಳಿ ವಿಶ್ರಾಂತನಾದ ಉಪಾಧ್ಯಾಯ. ಚಿಕಿತ್ಸೆಯನ್ನು ವಿಧಿಸುವ ಅಧಿಕಾರವು ನನಗಿಲ್ಲ. ನಡೆದುದನ್ನು ಹೇಳುವ ಅಧಿಕಾರವಷ್ಟೇ ಉಂಟು.

ಮೊದಲು ನಮ್ಮ ಶಾಸ್ತ್ರವನ್ನು ನೋಡೋಣ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಒಂದು ಸ್ವಾರಸ್ಯವಾದ ವಾದವಿದೆ. ಹೆರಿಗೆಯ ನೋವು ತೊಡಗಿದ ಹೆಂಗಸು ಎದ್ದು ಒನಕೆಯನ್ನು ಹಿಡಿದು ಒರಳಿನಲ್ಲಿರುವ ಧಾನ್ಯವನ್ನು ಕುಟ್ಟಬೇಕು, ನಡುನಡುವೆ ಆಕಳಿಸಬೇಕು, ಅತ್ತಿತ್ತ ನಡೆದಾಡಬೇಕು ಎಂಬುದು ಕೆಲವರ ಮತ. ಭಗವಾನ್ ಆತ್ರೇಯನು ಇದನ್ನು ಇಡಿಯಾಗಿ ಒಪ್ಪುವುದಿಲ್ಲ. ಗರ್ಭಿಣಿಗೆ ದಾರುಣವಾದ ವ್ಯಾಯಾಮವು ಎಂದಿಗೂ ಸಲ್ಲದು. ಧಾತುಗಳೂ ದೋಷಗಳೂ ಕದಲಿರುವ ಪ್ರಸವಕಾಲದಲ್ಲಂತೂ ಒನಕೆಯ ಶ್ರಮದಿಂದ ಕೆರಳಿದ ವಾಯುವು ಪ್ರಾಣವನ್ನೇ ತೆಗೆಯಬಹುದು. ಆದಕಾರಣ ಒನಕೆಯನ್ನು ಬಿಡತಕ್ಕದ್ದು, ಆಕಳಿಕೆಯನ್ನೂ ನಡಿಗೆಯನ್ನೂ ಇಟ್ಟುಕೊಳ್ಳತಕ್ಕದ್ದು ಎಂದು ಅವನ ತೀರ್ಪು. ಈ ಮಾತು ಪ್ರಸವಕಾಲಕ್ಕೆ ಸಂಬಂಧಪಟ್ಟುದು ನಿಜ. ಆದರೆ ಶ್ರಮವೆಂಬುದರಲ್ಲಿ ಒನಕೆಯ ಶ್ರಮ ಬೇರೆ, ನಡಿಗೆಯ ಶ್ರಮ ಬೇರೆ ಎಂಬ ವಿವೇಕವು ಇಲ್ಲಿ ಸ್ಪಷ್ಟವಾಗಿದೆ. ಮುಂದಿನ ಎರಡು ಸಾವಿರ ವರ್ಷಗಳ ವೃತ್ತಾಂತವನ್ನು ಅಳೆಯುವುದಕ್ಕೆ ಇದಕ್ಕಿಂತ ಉತ್ತಮವಾದ ಅಳತೆಗೋಲು ನಮಗೆ ಬೇಕಾಗಿಲ್ಲ.

ಹೆರಿಗೆಯಾದ ಬಳಿಕ ಚರಕನು ಹೇಳುವ ಉಪಚಾರವು ನಮ್ಮ ಮುತ್ತಜ್ಜಿಯರಿಗೆಲ್ಲ ಪರಿಚಿತವಾದುದೇ. ಸೂತಿಕೆಗೆ ಹಸಿವಾದಾಗ ಹಿಪ್ಪಲಿ, ಶುಂಠಿ ಮೊದಲಾದವುಗಳ ಪುಡಿಯೊಡನೆ ತುಪ್ಪವನ್ನೋ ಎಣ್ಣೆಯನ್ನೋ ಅವಳ ದೇಹಕ್ಕೆ ಒಗ್ಗುವಂತೆ ಕುಡಿಸುವುದು; ಹೊಟ್ಟೆಗೆ ಎಣ್ಣೆ ತುಪ್ಪಗಳನ್ನು ಸವರಿ ಅಗಲವಾದ ಬಟ್ಟೆಯಿಂದ ಸುತ್ತಿ ಕಟ್ಟುವುದು; ಎರಡು ಹೊತ್ತೂ ಬಿಸಿನೀರೆರೆಯುವುದು; ಜೀರ್ಣವಾದ ಮೇಲೆ ತೆಳುವಾದ ಗಂಜಿಯನ್ನು ಕೊಡುವುದು; ಹೀಗೆ ಐದು ಅಥವಾ ಏಳು ರಾತ್ರಿಗಳು ಕಳೆದ ಮೇಲೆ ಮೆಲ್ಲಮೆಲ್ಲನೆ ಪುಷ್ಟಿಗೊಳಿಸುವುದು. ಬಟ್ಟೆ ಕಟ್ಟುವುದಕ್ಕೆ ಕಾರಣವನ್ನೂ ಹೇಳಿದೆ: ತೆರವಾದ ಉದರದಲ್ಲಿ ವಾಯುವಿಗೆ ಅವಕಾಶವಿರಬಾರದು. ಗರ್ಭದ ಬೆಳವಣಿಗೆಯಿಂದ ಧಾತುಗಳು ಸಡಿಲಗೊಂಡು, ತಿಣುಕುವಿಕೆಯಿಂದಲೂ ರಕ್ತಸ್ರಾವದಿಂದಲೂ ಶರೀರವು ಬರಿದಾಗಿರುವುದರಿಂದ, ಈ ಕಾಲದಲ್ಲಿ ಬಂದ ರೋಗವು ಕಷ್ಟಸಾಧ್ಯ ಅಥವಾ ಅಸಾಧ್ಯವೆಂದು ಎಚ್ಚರಿಕೆಯನ್ನೂ ಕೊಟ್ಟಿದೆ. ಸುಶ್ರುತನು ಸೂತಿಕೆಯು ಕೋಪವನ್ನೂ ಆಯಾಸವನ್ನೂ ದಾಂಪತ್ಯಸಂಗವನ್ನೂ ವರ್ಜಿಸಬೇಕೆನ್ನುವನು. ಒಂದೂವರೆ ತಿಂಗಳು ಈ ನಿಯಮದಲ್ಲಿದ್ದ ಮೇಲೆ ಅವಳು ಆಹಾರಾಚಾರಗಳ ಕಟ್ಟಿನಿಂದ ಬಿಡುಗಡೆ ಹೊಂದಿ, ಸೂತಿಕೆಯೆಂಬ ಹೆಸರನ್ನೂ ಕಳೆದುಕೊಳ್ಳುವಳು. ಪುನಃ ಋತುದರ್ಶನವಾಗುವವರೆಗೆ ಸೂತಿಕೆಯೇ ಎಂದು ಕೆಲವರ ಅಭಿಪ್ರಾಯ. ವಾಗ್ಭಟನೂ ಇದೇ ಒಂದೂವರೆ ತಿಂಗಳ ಲೆಕ್ಕವನ್ನು ಹೇಳಿದ್ದಾನೆ.

ಈ ಲೆಕ್ಕವು ಸುಮ್ಮನೆ ಹುಟ್ಟಿದುದಲ್ಲ. ಹೆರಿಗೆಯಾದೊಡನೆ ಸುಮಾರು ಒಂದು ಕಿಲೋಗ್ರಾಂ ತೂಗುವ ಗರ್ಭಕೋಶವು ಹೊಕ್ಕುಳಿನ ಮಟ್ಟದಲ್ಲಿರುವುದು. ಹತ್ತು ಹನ್ನೆರಡು ದಿನಗಳಲ್ಲಿ ಕಿಬ್ಬೊಟ್ಟೆಯೊಳಕ್ಕೆ ಇಳಿಯುವುದು. ಆರು ವಾರಗಳಲ್ಲಿ ಬಹುಮಟ್ಟಿಗೆ ಮೊದಲಿನ ಗಾತ್ರಕ್ಕೆ ಬರುವುದು. ಆಧುನಿಕ ವೈದ್ಯರು ಸೂತಿಕಾಕಾಲವೆಂದು ಎಣಿಸುವುದೂ ಆರು ವಾರಗಳನ್ನೇ. ನಮ್ಮ ಪೂರ್ವಿಕರಲ್ಲಿ ತಕ್ಕಡಿಯಿಟ್ಟು ತೂಗಿದವರಿರಲಿಲ್ಲ. ಆದರೆ ಕಣ್ಣಿಟ್ಟು ನೋಡಿದವರಿದ್ದರು.

ಶಾಸ್ತ್ರದ ಈ ಉಪಚಾರವು ಕನ್ನಡನಾಡಿನ ಮನೆಗಳಲ್ಲಿ ಬಾಣಂತನವೆಂಬ ಹೆಸರಿನಿಂದ ನೆಲೆಸಿತು. ತವರಿನ ನಡುಮನೆಯ ಕೋಣೆ, ಹಂಡೆಯ ತುಂಬ ಕುದಿನೀರು, ಎಣ್ಣೆ ತಿಕ್ಕುವ ಅನುಭವಸ್ಥೆಯ ಕೈ, ಸಾಂಬ್ರಾಣಿಯ ಹೊಗೆ, ಮೆಣಸು ಬೆಳ್ಳುಳ್ಳಿಗಳ ಸಾರು, ಉತ್ತರದ ಸೀಮೆಯಲ್ಲಿ ಅಂಟಿನುಂಡೆ, ಕಿವಿಗೆ ಹತ್ತಿ, ಹೊಟ್ಟೆಗೆ ಹಳೆಯ ಸೀರೆಯ ಕಟ್ಟು. ಇದರ ಸಾರವಾವುದೆಂದು ಕೇಳಿದರೆ, ಔಷಧಿಗಿಂತಲೂ ಹೆಚ್ಚಾಗಿ, ಆ ಅವಧಿಯಲ್ಲಿ ಹೆತ್ತವಳ ಕೆಲಸವನ್ನು ಇನ್ನೊಬ್ಬರು ಮಾಡುತ್ತಿದ್ದರು ಎಂಬುದೇ ಆಗಿದೆ. ನೀರು ಸೇದುವವರು ಬೇರೆ, ಕುಟ್ಟುವವರು ಬೇರೆ, ಕೂಸನ್ನು ಕಾಲಮೇಲೆ ಮಲಗಿಸಿ ಎರೆಯುವವರು ಬೇರೆ. ಒನಕೆಯನ್ನು ಅವಳ ಕೈಯಿಂದ ತೆಗೆದಿಟ್ಟಿದ್ದರು.

ಆದರೆ ಎರಡು ಲೋಪಗಳನ್ನು ಮುಚ್ಚಿಡಬಾರದು. ಮೊದಲನೆಯದು, ಕಾಲಕ್ರಮದಲ್ಲಿ ಅನೇಕ ಮನೆಗಳು ಒನಕೆಯೊಡನೆ ನಡಿಗೆಯನ್ನೂ ತೆಗೆದುಬಿಟ್ಟವು. ಕಿಟಕಿ ಮುಚ್ಚಿದ ಕತ್ತಲೆಯ ಕೋಣೆ, ಹಾಸಿಗೆಯ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಬಾಯಾರಿದರೂ ಗುಟುಕು ನೀರಿಗೆ ಕಟ್ಟುಪಾಡು, ಇವು ಸಂಹಿತೆಯ ಮಾತುಗಳಲ್ಲ. ಸಂಹಿತೆಯ ಹೆಸರಿನಲ್ಲಿ ಬೆಳೆದ ಭಯದ ಮಾತುಗಳು. ಎರಡನೆಯದು ಇನ್ನೂ ದೊಡ್ಡದು. ಈ ಬಾಣಂತನವು ಉಳ್ಳವರಿಗೆ ದೊರೆತಂತೆ ಇಲ್ಲದವರಿಗೆ ದೊರೆಯಲಿಲ್ಲ. ಹೆತ್ತ ಕೆಲವೇ ದಿನಗಳಲ್ಲಿ ಗದ್ದೆಗೆ ಇಳಿದವಳಿಗೆ, ಸೌದೆಯ ಹೊರೆ ಹೊತ್ತವಳಿಗೆ, ಇನ್ನೊಬ್ಬರ ಮನೆಯ ಭತ್ತವನ್ನು ಕುಟ್ಟಿದವಳಿಗೆ ಶಾಸ್ತ್ರದ ಒಂದೂವರೆ ತಿಂಗಳು ಎಲ್ಲಿಯದು? ಸಡಿಲವಾದ ಸ್ನಾಯುಗಳ ಮೇಲೆ ಭಾರ ಬಿದ್ದರೆ ಗರ್ಭಕೋಶವು ಕೆಳಕ್ಕೆ ಜಾರುವುದುಂಟು. ಸುಶ್ರುತನು ಉತ್ತರತಂತ್ರದಲ್ಲಿ ಇಪ್ಪತ್ತು ಯೋನಿವ್ಯಾಪತ್ತುಗಳನ್ನು ಎಣಿಸುವಾಗ ‘ಪ್ರಸ್ರಂಸಿನೀ’ ಎಂದು ಹೆಸರಿಟ್ಟಿರುವುದು ಇಂತಹ ಜಾರುವಿಕೆಗೇ. ಹೆಸರಿಡುವುದಕ್ಕೆ ಋಷಿಗಳು ನಾಚಲಿಲ್ಲ, ನಾಚಿಕೆಯು ಅನಂತರದ್ದು.

ಇನ್ನು ಯೂರೋಪ್ ಖಂಡಕ್ಕೆ ಬರೋಣ. ಅಲ್ಲಿಯೂ ಹೆತ್ತವಳನ್ನು ಬೆಚ್ಚನೆಯ ಮುಚ್ಚಿದ ಕೋಣೆಯಲ್ಲಿ ಅಂಗಾತ ಮಲಗಿಸುವ ಪದ್ಧತಿಯೇ ಪ್ರಬಲವಾಗಿತ್ತು. ಇದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಒಬ್ಬನು ಆಂಗ್ಲದೇಶದ ಮ್ಯಾಂಚೆಸ್ಟರ್ ನಗರದ ವೈದ್ಯನಾದ ಚಾರ್ಲ್ಸ್ ವೈಟ್. ಗರ್ಭಿಣಿಯರ ಮತ್ತು ಬಾಣಂತಿಯರ ಪಾಲನೆಯನ್ನು ಕುರಿತು ೧೭೭೩ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ಕಿಟಕಿಯನ್ನು ತೆರೆಯಿರಿ, ಬಟ್ಟೆಯನ್ನೂ ಕೋಣೆಯನ್ನೂ ಶುಚಿಯಾಗಿಡಿರಿ, ತಾಯಿಯನ್ನು ಬೇಗನೆ ಎಬ್ಬಿಸಿ ಕುಳ್ಳಿರಿಸಿರಿ, ಹಾಸಿಗೆಯಿಂದ ಇಳಿಸಿರಿ ಎಂದು ಬೋಧಿಸಿದನು. ಮಲಗಿಯೇ ಇದ್ದರೆ ಒಳಗಿನ ಸ್ರಾವವು ನಿಂತು ಕೊಳೆಯುವುದೆಂಬುದು ಅವನ ತರ್ಕ. ೧೭೮೪ರಲ್ಲಿ ಅವನು ಬಾಣಂತಿಯರ ಕಾಲು ಬೆಳ್ಳಗಾಗಿ ಬಾತುಕೊಳ್ಳುವ ವ್ಯಾಧಿಯನ್ನು ಕುರಿತು ಬೇರೊಂದು ಗ್ರಂಥವನ್ನು ಬರೆದನು. ಎದೆಯ ಹಾಲು ಕಾಲಿಗೆ ಇಳಿದುದರಿಂದ ಹೀಗಾಗುವುದೆಂದು ಜನರು ನಂಬಿದ್ದರು. ವೈಟನು ಆ ನಂಬಿಕೆಯನ್ನು ತಳ್ಳಿದರೂ ನಿಜವಾದ ಕಾರಣವು ಅವನಿಗೆ ದೊರೆಯಲಿಲ್ಲ. ರಕ್ತವು ನಾಳದೊಳಗೇ ಹೆಪ್ಪುಗಟ್ಟಿ, ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದೆಂಬುದನ್ನು ಜರ್ಮನಿಯ ರುಡೋಲ್ಫ್ ವಿರ್ಕೋ ಎಂಬ ಪಂಡಿತನು ೧೮೫೬ರ ವೇಳೆಗೆ ವಿಶದಪಡಿಸಿದನು. ಹೆರಿಗೆಯ ಬಳಿಕ ರಕ್ತಕ್ಕೆ ಹೆಪ್ಪುಗಟ್ಟುವ ಸ್ವಭಾವವು ಹೆಚ್ಚಾಗಿರುವುದು. ಅಲುಗದೆ ಮಲಗಿದರೆ ಅಪಾಯವು ಇಮ್ಮಡಿಯಾಗುವುದು. ಹೀಗೆ ಅತಿವಿಶ್ರಾಂತಿಯೂ ಕೊಲ್ಲಬಲ್ಲುದೆಂಬ ಅರಿವು ಮೂಡಿತು.

ಆದರೆ ಅರಿವು ಆಚರಣೆಗೆ ಬರಲು ಬಹಳ ಕಾಲ ಹಿಡಿಯಿತು. ಹತ್ತೊಂಬತ್ತನೆಯ ಶತಮಾನದ ಆಸ್ಪತ್ರೆಗಳಲ್ಲಿ ಬಾಣಂತಿಯರ ಮೊದಲ ಶತ್ರುವೆಂದರೆ ಸೂತಿಕಾಜ್ವರ. ವಿಯೆನ್ನಾದ ಸೆಮ್ಮೆಲ್‌ವೈಸ್ ಎಂಬ ವೈದ್ಯನು ೧೮೪೭ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದುಕೊಳ್ಳುವಂತೆ ವಿಧಿಸಿ, ಮರಣಸಂಖ್ಯೆಯನ್ನು ತಗ್ಗಿಸಿ ತೋರಿಸಿದನು. ಸಾವು ಬಾಗಿಲಲ್ಲಿ ನಿಂತಿರುವಾಗ ಶಕ್ತಿಯ ಮಾತನ್ನು ಆಡುವವರಾರು? ಜ್ವರದ ಭಯವು ಕುಗ್ಗಿದ ಮೇಲೆಯೇ, ಬದುಕಿ ಉಳಿದ ತಾಯಿಯು ಹೇಗೆ ಬದುಕುತ್ತಿದ್ದಾಳೆಂಬ ಪ್ರಶ್ನೆಗೆ ಎಡೆ ದೊರೆಯಿತು.

ಉತ್ತರವು ಅಂಗಸಾಧನೆಯ ಕಡೆಯಿಂದ ಬಂದಿತು. ಸ್ವೀಡನ್ ದೇಶದ ಪೆರ್ ಹೆನ್ರಿಕ್ ಲಿಂಗ್ ಎಂಬಾತನು ೧೮೧೩ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ವ್ಯಾಯಾಮದ ಕೇಂದ್ರ ವಿದ್ಯಾಲಯವನ್ನು ಸ್ಥಾಪಿಸಿ, ಚಿಕಿತ್ಸೆಗಾಗಿಯೂ ವ್ಯಾಯಾಮವನ್ನು ಕ್ರಮಪಡಿಸಿದ್ದನು. ಆ ವಿದ್ಯೆಯು ಆಂಗ್ಲದೇಶಕ್ಕೆ ಹರಡಿತು. ೧೮೯೪ರಲ್ಲಿ ಲಂಡನ್ನಿನ ಕೆಲವು ದಾದಿಯರು ಕೂಡಿ ಅಂಗಮರ್ದನವನ್ನು ಶಾಸ್ತ್ರೀಯವಾಗಿ ಕಲಿತವರ ಸಂಘವನ್ನು ಕಟ್ಟಿದರು. ಅವರಲ್ಲೊಬ್ಬರಾದ ರೋಸಲಿಂಡ್ ಪ್ಯಾಜೆಟ್ ಸೂಲಗಿತ್ತಿಯ ವಿದ್ಯೆಯನ್ನೂ ಬಲ್ಲವರು. ೧೯೧೨ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಪ್ರಸೂತಿ ವೈದ್ಯರಾದ ಫೇರ್‌ಬೇರ್ನ್ ಅವರು ಮಿನ್ನಿ ರ‍್ಯಾಂಡೆಲ್ ಎಂಬಾಕೆಯನ್ನು, ಬಾಣಂತಿಯರು ಬೇಗನೆ ಚೇತರಿಸಿಕೊಳ್ಳುವಂತೆ ಹಾಸಿಗೆಯಲ್ಲಿದ್ದುಕೊಂಡೇ ಮಾಡಬಹುದಾದ ವ್ಯಾಯಾಮಗಳ ಒಂದು ಕ್ರಮವನ್ನು ರಚಿಸಿಕೊಡುವಂತೆ ಕೇಳಿದರು. ಆಕೆಯು ದಾದಿ, ಸೂಲಗಿತ್ತಿ, ಅಂಗಮರ್ದನದ ಅಧ್ಯಾಪಕಿ. ಮೂರು ವಿದ್ಯೆಗಳೂ ಒಬ್ಬಳಲ್ಲಿ ಸೇರಿದ್ದವು. ಮಾರ್ಗರೆಟ್ ಮಾರಿಸ್ ಎಂಬ ನರ್ತಕಿಯು ಅದೇ ಆಸ್ಪತ್ರೆಯಲ್ಲಿ ಆ ವಿದ್ಯೆಯನ್ನು ಕಲಿತು, ೧೯೩೬ರಲ್ಲಿ ರ‍್ಯಾಂಡೆಲ್ ಅವರ ಸಹಕಾರದಿಂದ ಬಾಣಂತಿಯರ ವ್ಯಾಯಾಮವನ್ನು ಕುರಿತ ಪುಸ್ತಕವನ್ನು ಹೊರತಂದಳು.

ಈ ಪರಂಪರೆಯ ವ್ಯಾಯಾಮಗಳು ಕಣ್ಣಿಗೆ ಬಹಳ ಅಲ್ಪವಾಗಿ ತೋರುವುವು. ದೀರ್ಘವಾಗಿ ಉಸಿರಾಡುವುದು, ಮಲಗಿದಲ್ಲಿಯೇ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು, ಉಸಿರನ್ನು ಬಿಡುತ್ತ ಹೊಟ್ಟೆಯನ್ನು ಮೆಲ್ಲನೆ ಒಳಕ್ಕೆ ಸೆಳೆದುಕೊಳ್ಳುವುದು, ಮೂತ್ರವನ್ನು ತಡೆಯುವಾಗ ಬಿಗಿಯುವ ತಳದ ಸ್ನಾಯುಗಳನ್ನು ಬಿಗಿದು ಸಡಿಲಿಸುವುದು. ಪ್ರತಿಯೊಂದಕ್ಕೂ ಕಾರಣವುಂಟು. ಪಾದದ ಚಲನೆಯು ಕಾಲಿನ ರಕ್ತವನ್ನು ನಿಲ್ಲಗೊಡದು. ಗರ್ಭಕಾಲದಲ್ಲಿ ಹೊಟ್ಟೆಯ ನಡುಗೆರೆಯ ಎರಡು ಪಕ್ಕದ ಸ್ನಾಯುಗಳು ಒಂದರಿಂದೊಂದು ದೂರ ಸರಿದಿರುವುವು. ಅವು ಬಲಗೊಂಡು ಹತ್ತಿರವಾಗಬೇಕು. ಸುತ್ತಿದ ಸೀರೆಯು ಆಸರೆಯನ್ನು ಕೊಡಬಲ್ಲುದು. ಸ್ನಾಯುವಿನ ಕೆಲಸವನ್ನು ಸ್ನಾಯುವೇ ಮಾಡಬೇಕು. ಕಟ್ಟು ಅತಿಯಾಗಿ ಬಿಗಿಯಾದರೆ ಒತ್ತಡವು ಕೆಳಕ್ಕೆ ತಿರುಗಿ, ಈಗಾಗಲೇ ದಣಿದ ತಳದ ಮೇಲೆ ಬೀಳುವುದು.

ಇದೇ ಕಾಲದಲ್ಲಿ ನಮ್ಮ ದೇಶದ ಕಾಶ್ಮೀರದಿಂದ ಒಂದು ಸಾಕ್ಷ್ಯವು ಹೊರಟಿತು. ಶ್ರೀನಗರದಲ್ಲಿ ಕೆಲಸ ಮಾಡಿದ್ದ ಕ್ಯಾಥ್ಲೀನ್ ವಾನ್ ಎಂಬ ವೈದ್ಯೆಯು ೧೯೨೮ರಲ್ಲಿ ಗೋಷಾಪದ್ಧತಿಗೂ ತಾಯ್ತನಕ್ಕೂ ಇರುವ ಸಂಬಂಧವನ್ನು ಕುರಿತು ಗ್ರಂಥವನ್ನು ಬರೆದಳು. ಬಿಸಿಲು ಕಾಣದ ಅಂತಃಪುರಗಳಲ್ಲಿದ್ದ ಸ್ತ್ರೀಯರ ಎಲುಬುಗಳು ಮೆತ್ತಗಾಗಿ, ಕಟಿಯ ಬಟ್ಟಲು ವಿಕಾರಗೊಂಡು, ಹೆರಿಗೆಯು ಪ್ರಾಣಸಂಕಟವಾಗುತ್ತಿದ್ದಿತು. ಸರೋವರಗಳಲ್ಲಿ ದೋಣಿಯ ಮೇಲೆಯೇ ಬಾಳುತ್ತ, ಕುಕ್ಕುರುಗಾಲಿನಲ್ಲಿ ಕುಳಿತು ಹುಟ್ಟು ಹಾಕುತ್ತಿದ್ದ ಬಡ ದೋಣಿಗಿತ್ತಿಯರು ಸುಲಭವಾಗಿ ಹೆರುತ್ತಿದ್ದರು. ಸಿರಿವಂತೆಗೆ ವಿಶ್ರಾಂತಿ ದೊರೆತಿದ್ದಿತು, ಬಿಸಿಲೂ ಚಲನೆಯೂ ದೊರೆತಿರಲಿಲ್ಲ. ಬಡತನವೇ ಭಾಗ್ಯವೆಂದು ಇದರಿಂದ ಸಾಧಿಸಬಾರದು; ಹುಟ್ಟು ಹಾಕುವುದು ಬೇರೆ, ಹೆತ್ತ ಮರುವಾರ ಹೊರೆ ಹೊರುವುದು ಬೇರೆ. ಆತ್ರೇಯನ ಅಳತೆಗೋಲು ಇಲ್ಲಿಯೂ ಸಲ್ಲುವುದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಾಶ್ಚಾತ್ಯ ಆಸ್ಪತ್ರೆಗಳಲ್ಲಿ ಹಾಸಿಗೆಗಳಿಗೂ ದಾದಿಯರಿಗೂ ಅಭಾವವುಂಟಾಗಲು, ರೋಗಿಗಳನ್ನೂ ಬಾಣಂತಿಯರನ್ನೂ ಬೇಗ ಎಬ್ಬಿಸುವುದು ಅನಿವಾರ್ಯವಾಯಿತು. ಕೇಡಾಗಬಹುದೆಂದು ಅಂಜಿದ್ದವರು ಲಾಭವನ್ನೇ ಕಂಡರು. ೧೯೪೭ರಲ್ಲಿ ರಿಚರ್ಡ್ ಆಷರ್ ಎಂಬ ಆಂಗ್ಲ ವೈದ್ಯನು ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಕುರಿತೇ ಒಂದು ಪ್ರಸಿದ್ಧ ಲೇಖನವನ್ನು ಬರೆದನು. ೧೯೪೮ರಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದ ಆರ್ನಾಲ್ಡ್ ಕೆಗೆಲ್ ಎಂಬ ಸ್ತ್ರೀರೋಗತಜ್ಞನು, ಹೆರಿಗೆಯ ಬಳಿಕ ಮೂತ್ರದ ಹಿಡಿತ ತಪ್ಪಿದ ಸ್ತ್ರೀಯರು ತಳದ ಸ್ನಾಯುಗಳನ್ನು ಕ್ರಮವಾಗಿ ಸಾಧನೆ ಮಾಡಿ ಗುಣ ಹೊಂದಬಹುದೆಂದು ಪ್ರಕಟಿಸಿದನು. ಆ ಸ್ನಾಯುಗಳ ಬಲವನ್ನು ಅಳೆಯುವ ಒಂದು ಉಪಕರಣವನ್ನೂ ಮಾಡಿದನು. ಲಂಡನ್ನಿನ ಸ್ತ್ರೀಯರು ಮೊದಲೇ ಕಲಿಸುತ್ತಿದ್ದ ವಿದ್ಯೆಗೆ ಇಂದು ಲೋಕದಲ್ಲಿ ಕೆಗೆಲನ ಹೆಸರೇ ನಿಂತಿದೆ.

ಹಠಯೋಗದ ಮೂಲಬಂಧವು ಇದೇ ಅಲ್ಲವೇ ಎಂದು ವಾಚಕರು ಕೇಳಬಹುದು. ಹದಿನೈದನೆಯ ಶತಮಾನದ ಹಠಯೋಗಪ್ರದೀಪಿಕೆಯಲ್ಲಿ ಮೂಲಬಂಧದ ವಿವರಣೆಯಿರುವುದು ಸತ್ಯ. ಬಿಗಿಯುವ ಸ್ನಾಯುಗಳೂ ಬಹುಮಟ್ಟಿಗೆ ಅವೇ. ಆದರೆ ಸ್ವಾತ್ಮಾರಾಮಯೋಗಿಯ ಉದ್ದೇಶವು ಅಪಾನವಾಯುವನ್ನು ಊರ್ಧ್ವಗೊಳಿಸುವುದು. ಬಾಣಂತಿಯ ಚಿಂತೆಯು ಆ ಗ್ರಂಥಕ್ಕಿಲ್ಲ. ಇದ್ದುದನ್ನು ಇತ್ತೆನ್ನೋಣ, ಇಲ್ಲದುದನ್ನು ಇತ್ತೆಂದು ಹೇಳುವುದು ಪೂರ್ವಿಕರಿಗೆ ಗೌರವವಲ್ಲ. ಯೋಗವನ್ನು ಸ್ತ್ರೀಯರ ಆರೋಗ್ಯಕ್ಕೆ ಹೊಂದಿಸಿದ ಕಾರ್ಯವು ಇತ್ತೀಚಿನದು. ಅದರಲ್ಲಿ ನಮ್ಮ ನಾಡಿಗೆ ಪಾಲುಂಟು. ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ೧೯೩೩ರಿಂದ ಪಾಠ ಹೇಳಿದ ತಿರುಮಲೈ ಕೃಷ್ಣಮಾಚಾರ್ಯರ ‘ಯೋಗಮಕರಂದ’ವು ೧೯೩೪ರಲ್ಲಿ ಕನ್ನಡದಲ್ಲಿ ಪ್ರಕಟವಾಯಿತು. ಅವರ ಶಿಷ್ಯರು ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರ್ಯರು. ಅಯ್ಯಂಗಾರ್ಯರ ಮಗಳು ಗೀತಾ ಅಯ್ಯಂಗಾರ್ ಅವರು ಸ್ತ್ರೀಯರ ಯೋಗವನ್ನು ಕುರಿತ ತಮ್ಮ ೧೯೮೩ರ ಗ್ರಂಥದಲ್ಲಿ ಗರ್ಭಕಾಲಕ್ಕೂ ಹೆರಿಗೆಯ ಅನಂತರದ ಕಾಲಕ್ಕೂ ಬೇರೆಬೇರೆಯಾದ ಕ್ರಮಗಳನ್ನು ವಿವರಿಸಿದ್ದಾರೆ.

ವ್ಯಾಯಾಮದ ಮಾತು ಹೀಗಾದರೆ, ವಿಶ್ರಾಂತಿಯ ಮಾತು ನ್ಯಾಯಸ್ಥಾನಗಳ ಕಡೆಗೆ ನಡೆಯಿತು. ೧೯೧೯ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಹೆರಿಗೆಯ ಬಳಿಕ ಆರು ವಾರ ಸ್ತ್ರೀಯಿಂದ ಕೆಲಸ ಮಾಡಿಸಕೂಡದೆಂದು ಒಡಂಬಡಿಕೆಯನ್ನು ಮಾಡಿತು. ಸುಶ್ರುತನ ಒಂದೂವರೆ ತಿಂಗಳಿಗೂ ಇದಕ್ಕೂ ಕೆಲವೇ ದಿನಗಳ ಅಂತರ. ಮುಂಬಯಿ ಪ್ರಾಂತದ ಶಾಸನಸಭೆಯಲ್ಲಿ ೧೯೨೮ರಲ್ಲಿ ಹೆರಿಗೆ ಭತ್ಯದ ಮಸೂದೆ ಬಂದಾಗ ಡಾಕ್ಟರ್ ಅಂಬೇಡ್ಕರರು ಅದನ್ನು ಸಮರ್ಥಿಸಿ ಮಾತನಾಡಿದರು. ೧೯೨೯ರಲ್ಲಿ ಅದು ಕಾಯಿದೆಯಾಯಿತು. ಸ್ವತಂತ್ರ ಭಾರತದ ೧೯೬೧ರ ಕಾಯಿದೆಯು ೧೨ ವಾರಗಳ ವೇತನಸಹಿತ ರಜೆಯನ್ನು ವಿಧಿಸಿತು; ೨೦೧೭ರ ತಿದ್ದುಪಡಿಯು ಮೊದಲೆರಡು ಮಕ್ಕಳ ಮಟ್ಟಿಗೆ ಅದನ್ನು ೨೬ ವಾರಗಳಿಗೆ ಏರಿಸಿತು. ಆದರೆ ಹೊಲದ ಕೂಲಿಗೂ ಮನೆಗೆಲಸಕ್ಕೂ ಹಾಜರಿ ಪುಸ್ತಕವಿಲ್ಲ. ಹಾಜರಿಯಿಲ್ಲದವಳಿಗೆ ರಜೆಯೂ ಇಲ್ಲ.

ಈಗಿನ ಸ್ಥಿತಿಯೇನು? ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ೯೭ ಆಸ್ಪತ್ರೆಗಳಲ್ಲಿ ನಡೆದವು. ಸುಮಾರು ೩೧ ಶಸ್ತ್ರಕ್ರಿಯೆಯಿಂದ ಆದವು. ಹೊಟ್ಟೆಯನ್ನು ಕೊಯ್ದು ಹೊಲಿದ ಮೇಲೆ ಚೇತರಿಕೆಯ ಕ್ರಮವೂ ಬೇರೆಯಾಗುವುದು. ಅಜ್ಜಿಯ ಅನುಭವದೊಡನೆ ವೈದ್ಯರ ಅನುಮತಿಯೂ ಬೇಕಾಗುವುದು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ, ಬೇರೆ ಅಡ್ಡಿಯಿಲ್ಲದ ತಾಯಂದಿರು ಕ್ರಮಕ್ರಮವಾಗಿ ಚಟುವಟಿಕೆಗೆ ಮರಳಿ, ವಾರಕ್ಕೆ ೧೫೦ ನಿಮಿಷಗಳಷ್ಟು ಮಧ್ಯಮಶ್ರಮದ ವ್ಯಾಯಾಮವನ್ನು ಮಾಡಬೇಕೆಂದಿತು. ನಡಿಗೆಯೂ ಅದರಲ್ಲಿ ಸೇರಿದೆ. ತಳದ ಸ್ನಾಯುಗಳ ಸಾಧನೆಯನ್ನು ದಿನವೂ ಮಾಡಬಹುದೆಂದೂ ಹೇಳಿತು. ಅದೇ ಸಂಸ್ಥೆಯು ೨೦೨೨ರಲ್ಲಿ, ಮೂತ್ರದ ತೊಂದರೆ ಬರದಂತೆ ತಡೆಯಲೆಂದು ಹೆರಿಗೆಯ ಬಳಿಕ ಎಲ್ಲರಿಗೂ ಈ ಸಾಧನೆಯನ್ನು ಆರಂಭಿಸುವುದನ್ನು ಶಿಫಾರಸು ಮಾಡಲಿಲ್ಲ. ಅಷ್ಟು ಬಲವಾದ ಪ್ರಮಾಣವು ದೊರೆತಿಲ್ಲವೆಂಬುದೇ ಕಾರಣ. ತೊಂದರೆಯು ಬಂದವರಿಗಾದರೋ, ಬಲ್ಲವರ ಕೈಕೆಳಗೆ ಮಾಡುವ ಈ ಸಾಧನೆಯೇ ಮೊದಲನೆಯ ಚಿಕಿತ್ಸೆಯಾಗಿದೆ.

ನನ್ನ ಮನಸ್ಸಿಗೆ ನಾಟಿರುವುದು ಈ ಕಡೆಯ ಮಾತು. ಕೆಮ್ಮಿದರೆ, ನಕ್ಕರೆ, ಕೊಡವನ್ನೆತ್ತಿದರೆ ಬಟ್ಟೆ ನೆನೆಯುವುದೆಂದು ಬಾಯಿಬಿಟ್ಟು ಹೇಳಲಾರದೆ, ಮದುವೆ ಮುಂಜಿಗಳಿಗೂ ದೇವಸ್ಥಾನಕ್ಕೂ ಹೋಗುವುದನ್ನು ಬಿಟ್ಟು, ‘ಮಕ್ಕಳಾದ ಮೇಲೆ ಹೀಗೆಯೇ’ ಎಂದು ಮುದುಕಿಯಾಗುವವರೆಗೂ ಸಹಿಸಿಕೊಂಡಿರುವ ತಾಯಂದಿರು ನಮ್ಮ ಬೀದಿಗಳಲ್ಲಿಯೇ ಇದ್ದಾರೆ. ಔಷಧಿಯಿಲ್ಲದ ವ್ಯಾಧಿಯೆಂದು ಅವರು ತಿಳಿದಿರುವುದಕ್ಕೆ ಚಿಕಿತ್ಸೆಯು ೧೯೪೮ರಲ್ಲಿಯೇ ಅಚ್ಚಾಗಿದೆ. ಗ್ರಂಥಕ್ಕೂ ಅವರಿಗೂ ನಡುವೆ ಅಡ್ಡವಾಗಿ ನಿಂತಿರುವುದು ನಾಚಿಕೆಯೊಂದೇ. ಇಪ್ಪತ್ತು ವ್ಯಾಪತ್ತುಗಳಿಗೆ ಒಂದೊಂದಾಗಿ ಹೆಸರಿಟ್ಟ ಆಚಾರ್ಯರ ನಾಡಿನಲ್ಲಿ ಈ ಮೌನಕ್ಕೆ ಶಾಸ್ತ್ರದ ಆಧಾರವಿಲ್ಲ.

ಈ ಇತಿಹಾಸದಿಂದ ಗೃಹಸ್ಥರು ಕಲಿಯತಕ್ಕದ್ದು ಹೆಚ್ಚೇನಿಲ್ಲ. ಒಂದೂವರೆ ತಿಂಗಳು ಅವಳ ಕೊಡವನ್ನೂ ಒರಳನ್ನೂ ಮನೆಯ ಇತರರು, ಗಂಡಸರೂ ಸೇರಿ, ವಹಿಸಿಕೊಳ್ಳಲಿ. ಕಿಟಕಿಯು ತೆರೆದಿರಲಿ, ಬಾಯಾರಿದಾಗ ನೀರಿರಲಿ, ವೈದ್ಯರು ಒಪ್ಪಿದ ದಿನದಿಂದ ಅಂಗಳದಲ್ಲಿ ನಾಲ್ಕು ಹೆಜ್ಜೆಯ ನಡಿಗೆಯಿರಲಿ. ನಾಮಕರಣದ ದಿವಸ ಕೂಸಿನ ಕಿವಿಯಲ್ಲಿ ಹೆಸರನ್ನು ಮೂರು ಸಲ ಹೇಳುವ ಹಿರಿಯರು, ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತವಳನ್ನು ಒಂದು ಸಲ ‘ನಿನಗೇನಾದರೂ ತೊಂದರೆಯಿದೆಯೇ, ತಾಯಿ?’ ಎಂದು ಕೇಳಲಿ. ಕೇಳಿದ ಮೇಲೆ ಉತ್ತರವು ಬರುವವರೆಗೂ ಎದ್ದು ಹೋಗದಿರಲಿ.